ಉದ್ಯಾನಶಿಲ್ಪಿ ಕ್ರುಂಬಿಗಲ್

ಅಣೆಕಟ್ಟುಗಳನ್ನು ಕಟ್ಟಿದವರನ್ನೂ ಅರಮನೆಗಳನ್ನು ನಿರ್ಮಿಸಿದವರನ್ನೂ ಜಗತ್ತು ಸುಲಭವಾಗಿ ನೆನೆಯುತ್ತದೆ. ಆದರೆ ದಾರಿಹೋಕರಿಗೆ ನೆರಳನ್ನೂ ನಗರಕ್ಕೆ ಹೂವನ್ನೂ ಕೊಟ್ಟವರ ಹೆಸರು ಬಹುಬೇಗ ಮರೆಯಾಗುತ್ತದೆ. ಬೆಂಗಳೂರಿಗೆ ಉದ್ಯಾನನಗರಿ ಎಂಬ ಕೀರ್ತಿ ದೊರೆಯಲು ಶ್ರಮಿಸಿದವರು ಅನೇಕರು. ಅವರಲ್ಲಿ ಅಗ್ರಗಣ್ಯರಾದವರು ದೂರದ ಜರ್ಮನಿಯಿಂದ ಬಂದ ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಕ್ರುಂಬಿಗಲ್ ಅವರು 1865ರ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡನ್ ನಗರಕ್ಕೆ ಸಮೀಪದ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಎಲ್ಬೆ ನದಿಯ ದಡದಲ್ಲಿರುವ ಪಿಲ್ನಿಟ್ಜ್ ಅರಮನೆಯ ಉದ್ಯಾನ ಆ ಪ್ರದೇಶದಲ್ಲಿ ಪ್ರಸಿದ್ಧವಾಗಿತ್ತು. ಅಲ್ಲಿ ಅವರು ತೋಟಗಾರಿಕೆಯ ಶಿಕ್ಷಣ ಪಡೆದರು. ಗಿಡಗಳ ಗುಣವನ್ನು ಅರಿಯುವುದರ ಜೊತೆಗೆ, ಬಯಲೊಂದನ್ನು ಕಣ್ಣಿಗೆ ಹಿತವಾಗುವಂತೆ ವಿನ್ಯಾಸಗೊಳಿಸುವ ಕಲೆಯೂ ಅವರಿಗೆ ಕರಗತವಾಯಿತು. ಮುಂದೆ ಅವರು ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಕ್ಯೂ ಎಂಬಲ್ಲಿರುವ ರಾಜೋದ್ಯಾನದಲ್ಲಿಯೂ ಕೆಲಸ ಮಾಡಿದರು. ಪ್ರಪಂಚದ ನಾನಾ ಭಾಗಗಳ ಸಸ್ಯಗಳನ್ನು ಒಂದೆಡೆ ತಂದು ಬೆಳೆಸುತ್ತಿದ್ದ ಕ್ಯೂ ಉದ್ಯಾನ ಅವರಿಗೆ ಎರಡನೆಯ ಪಾಠಶಾಲೆಯಾಯಿತು.

1893ರಲ್ಲಿ ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸೇವೆಗೆ ಸೇರಿ ಅವರು ಭಾರತಕ್ಕೆ ಬಂದರು. ಆಗ ಅವರ ವಯಸ್ಸು 27. ಇಲ್ಲಿನ ಬಿಸಿಲು, ಮಳೆ, ಮಣ್ಣು ಎಲ್ಲವೂ ಅವರಿಗೆ ಹೊಸವು. ಯುರೋಪಿನ ನಿಯಮಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವಂತಿರಲಿಲ್ಲ. ಬರೋಡದ ಉದ್ಯಾನಗಳಲ್ಲಿ ದುಡಿದ ವರ್ಷಗಳು ಅವರಿಗೆ ಭಾರತದ ಋತುಮಾನವನ್ನು ಕಲಿಸಿದವು. ಅವರ ಪ್ರತಿಭೆಯನ್ನು ಅರಿತ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ತಮ್ಮ ಸಂಸ್ಥಾನಕ್ಕೆ ಕರೆಸಿಕೊಂಡರು. 1908ರಲ್ಲಿ ಕ್ರುಂಬಿಗಲ್ ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನು ವಹಿಸಿಕೊಂಡರು.

ಲಾಲ್‌ಬಾಗ್ ಆ ವೇಳೆಗಾಗಲೇ ಹೆಸರಾಂತ ತೋಟವಾಗಿತ್ತು. 1760ರಲ್ಲಿ ಹೈದರ್ ಅಲಿ ಅದಕ್ಕೆ ಅಡಿಪಾಯ ಹಾಕಿದ್ದನು. ಟಿಪ್ಪು ಸುಲ್ತಾನನು ಅದನ್ನು ಬೆಳೆಸಿದ್ದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಕ್ರುಂಬಿಗಲ್ ಅವರಿಗಿಂತ ಮೊದಲು ಅಧಿಕಾರದಲ್ಲಿದ್ದ ಜಾನ್ ಕ್ಯಾಮರನ್ ಅವರ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಶಂಕುಸ್ಥಾಪನೆಯಾಗಿತ್ತು. ಇಂಥ ತೋಟವನ್ನು ಚೆನ್ನಾಗಿ ಕಾಪಾಡಿಕೊಂಡು ಬಂದಿದ್ದರೂ ಕ್ರುಂಬಿಗಲ್ ಅವರ ಕರ್ತವ್ಯ ಮುಗಿಯುತ್ತಿತ್ತು. ಆದರೆ ಅವರ ದೃಷ್ಟಿ ತೋಟದ ಗೋಡೆಯನ್ನು ದಾಟಿ ಊರಿನ ಬೀದಿಗಳತ್ತ ಹರಿಯಿತು.

ಒಂದು ಮರ ವರ್ಷದಲ್ಲಿ ಕೆಲವು ವಾರಗಳ ಕಾಲ ಮಾತ್ರ ಹೂ ತಳೆದಿರುತ್ತದೆ. ಊರಿನ ತುಂಬ ಒಂದೇ ಜಾತಿಯ ಮರಗಳಿದ್ದರೆ ಒಂದು ತಿಂಗಳು ಹಬ್ಬ, ಉಳಿದ ಹನ್ನೊಂದು ತಿಂಗಳು ಬರಿಯ ಹಸುರು. ಬೇರೆ ಬೇರೆ ಕಾಲದಲ್ಲಿ ಹೂ ಬಿಡುವ ಮರಗಳನ್ನು ಆರಿಸಿ, ಬೀದಿಗೊಂದು ಜಾತಿಯಂತೆ ನೆಟ್ಟರೆ, ಒಂದು ಸಾಲಿನ ಹೂ ಉದುರುವ ಹೊತ್ತಿಗೆ ಇನ್ನೊಂದು ಸಾಲು ಅರಳುತ್ತದೆ. ಹೀಗೆ ನಗರವು ವರ್ಷವಿಡೀ ಹೂವಿಲ್ಲದೆ ಇರುವುದಿಲ್ಲ. ಸರದಿಯಂತೆ ಹೂ ಅರಳಿಸುವ ಈ ಯೋಜನೆಯನ್ನು ಕ್ರುಂಬಿಗಲ್ ಬೆಂಗಳೂರಿನಲ್ಲಿ ಕಾರ್ಯರೂಪಕ್ಕೆ ತಂದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನ ಹಿತವಾದ ಹವೆ ಸ್ವದೇಶದ ಮರಗಳಿಗೂ ಪರದೇಶದ ಮರಗಳಿಗೂ ಒಗ್ಗುವಂಥದು. ಇಂದಿಗೂ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಜಕರಂದ ನೀಲಿಯಾಗುತ್ತದೆ. ಯುಗಾದಿಯ ಸುಮಾರಿಗೆ ಹೊಂಗೆ ಚಿಗುರಿ ಹೂ ತಳೆಯುತ್ತದೆ. ಬೇಸಗೆಯಲ್ಲಿ ಗುಲ್‌ಮೊಹರ್ ಕೆಂಪಾಗಿ, ಕಕ್ಕೆ ಹಳದಿಯಾಗಿ ಬೆಳಗುತ್ತವೆ. ಮಳೆಗಾಲ ಹಿಂದಾದ ಮೇಲೆ ಆಕಾಶಮಲ್ಲಿಗೆ ನೆಲದ ಮೇಲೆ ಬಿಳಿಯ ಹೂ ಹಾಸುತ್ತದೆ. ಈ ಮರಗಳೆಲ್ಲವನ್ನೂ ಅವರೊಬ್ಬರೇ ನೆಡಿಸಲಿಲ್ಲ. ಅವರು ತೋರಿದ ದಾರಿಯಲ್ಲಿ ಮುಂದಿನ ಅಧಿಕಾರಿಗಳೂ ನಡೆದರು.

ಕ್ರುಂಬಿಗಲ್ ಅವರಿಗೆ ತೋಟಗಾರಿಕೆಯು ಕೇವಲ ಅಲಂಕಾರದ ವಿದ್ಯೆಯಾಗಿರಲಿಲ್ಲ. ಬೇರೆ ದೇಶಗಳೊಡನೆ ಬೀಜಗಳ ವಿನಿಮಯ ನಡೆಸಿ, ರೈತರಿಗೆ ಉಪಯುಕ್ತವಾದ ಸಸ್ಯಗಳನ್ನು ತರಿಸಿ ಬೆಳೆಸಿ ನೋಡಿದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘವು ಸ್ಥಾಪನೆಯಾಯಿತು. ಇದರಿಂದ ಸಾಮಾನ್ಯ ನಾಗರಿಕರಲ್ಲಿಯೂ ಗಿಡ ಬೆಳೆಸುವ ಆಸಕ್ತಿ ಹೆಚ್ಚಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಳಗೆ ರೂಪುಗೊಂಡ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಅವರ ಪಾತ್ರ ಹಿರಿದು. 1932ರಲ್ಲಿ ಅವರು ಲಾಲ್‌ಬಾಗಿನ ಅಧಿಕಾರವನ್ನು ಎಚ್. ಸಿ. ಜವರಾಯರಿಗೆ ಒಪ್ಪಿಸಿ ನಿವೃತ್ತರಾದರು. ಆದರೆ ಬೆಂಗಳೂರನ್ನು ಬಿಡಲಿಲ್ಲ.

ಕಠಿಣವಾದ ಪರೀಕ್ಷೆಯೊಂದು ಮುಪ್ಪಿನಲ್ಲಿ ಅವರಿಗಾಗಿ ಕಾದಿತ್ತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಭಾರತದಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರ್ಕಾರ ಶತ್ರುಗಳೆಂದು ಎಣಿಸಿ ಬಂಧನ ಶಿಬಿರಗಳಿಗೆ ಕಳುಹಿಸಿತು. ಬೆಂಗಳೂರಿಗೆ ನೆರಳು ನೀಡಿದ ಕ್ರುಂಬಿಗಲ್ ಅವರೂ ಬಂಧನಕ್ಕೆ ಒಳಗಾದರು. ಅವರ ಹುಟ್ಟಿದ ನೆಲ ಯಾವುದೆಂಬುದಷ್ಟೇ ಲೆಕ್ಕಕ್ಕೆ ಬಂತು. ಮೂರು ದಶಕಗಳ ದುಡಿಮೆ ಲೆಕ್ಕಕ್ಕೆ ಬರಲಿಲ್ಲ. ಆದರೂ ಅವರು ತಮ್ಮ ಕೊನೆಯ ದಿನಗಳನ್ನು ಕಳೆದುದು ಬೆಂಗಳೂರಿನಲ್ಲಿಯೇ. 1956ರ ಫೆಬ್ರವರಿ 8ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಅವರು ಇಲ್ಲಿಯೇ ನಿಧನರಾದರು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಲಾಲ್‌ಬಾಗಿಗೆ ಒಂದು ದಿನದ ಪ್ರವಾಸವನ್ನು ಯೋಜಿಸುವ ವಿದ್ಯಾರ್ಥಿಗಳು ಈ ಮಹನೀಯರ ಕೆಲಸವನ್ನು ಕಣ್ಣಾರೆ ಕಾಣಬಹುದು. ಬಿಸಿಲೇರುವ ಮೊದಲು, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಬಂಡೆಯನ್ನೇರಿ ಕೆಂಪೇಗೌಡ ಗೋಪುರದ ಬಳಿ ನಿಂತು ಊರನ್ನು ನೋಡುವುದು ಒಳ್ಳೆಯದು. ಅನಂತರ ಗಾಜಿನ ಮನೆ, ಹಳೆಯ ಮರಗಳ ಸಾಲು, ಕೆರೆಯ ಏರಿ ಇವುಗಳನ್ನು ನಿಧಾನವಾಗಿ ಸುತ್ತಬಹುದು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದರಿಂದ ಜನಸಂದಣಿ ಹೆಚ್ಚು. ಮರಗಳನ್ನು ನೋಡಬಯಸುವವರು ಬೇರೆ ದಿನಗಳನ್ನು ಆರಿಸಿಕೊಳ್ಳಬೇಕು. ಜೊತೆಯಲ್ಲಿ ಬುತ್ತಿಯಂತೆಯೇ ಒಂದು ಟಿಪ್ಪಣಿ ಪುಸ್ತಕವೂ ಇರಲಿ. ಆ ದಿನ ಯಾವ ಮರ ಹೂ ಬಿಟ್ಟಿದೆ, ಯಾವುದು ಎಲೆ ಉದುರಿಸಿದೆ ಎಂದು ಬರೆದುಕೊಂಡು, ಕೆಲವು ತಿಂಗಳ ಬಳಿಕ ಮತ್ತೆ ಹೋದರೆ ಕ್ರುಂಬಿಗಲ್ ಅವರ ಯೋಜನೆಯ ಅರ್ಥ ಹೊಳೆಯುತ್ತದೆ.

ಲಾಲ್‌ಬಾಗಿನ ಪಕ್ಕದ ರಸ್ತೆಗೆ ಕ್ರುಂಬಿಗಲ್ ಅವರ ಹೆಸರಿದೆ. ತೋಟದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣ ಶಿಥಿಲವಾಗಿ 2017ರಲ್ಲಿ ಕುಸಿದುಬಿತ್ತು. ಕಟ್ಟಡಗಳಂತೆ ಮರಗಳಿಗೂ ಮುಪ್ಪುಂಟು. ರಸ್ತೆಗಳನ್ನು ಅಗಲಿಸುವಾಗ ಎಷ್ಟೋ ಸಾಲುಮರಗಳು ಕೊಡಲಿಗೆ ಬಲಿಯಾಗಿವೆ. ತಾನು ನೆಟ್ಟ ಸಸಿಯ ಪೂರ್ಣ ವೈಭವವನ್ನು ತೋಟಗಾರನು ಕಾಣುವುದು ಅಪರೂಪ. ಅದನ್ನು ಕಾಣುವವರು ಮುಂದಿನ ತಲೆಮಾರಿನವರು. ಅವರು ಮತ್ತೆ ನೆಡದಿದ್ದರೆ ಆ ಸರದಿ ಅಲ್ಲಿಗೇ ನಿಲ್ಲುತ್ತದೆ. ಬಿದ್ದ ಮರದ ಜಾಗದಲ್ಲಿ ಹೊಸ ಸಸಿಯೊಂದನ್ನು ನೆಟ್ಟು ನೀರೆರೆಯುವುದೇ ಕ್ರುಂಬಿಗಲ್ ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.