ವೈದ್ಯ ಜಾನ್ ಆರ್ಬತ್ನಟ್ ಮಹಾಶಯನು

ಸ್ಕಾಟ್ಲೆಂಡ್ ದೇಶದಲ್ಲಿ ಕ್ರಿ. ಶ. 1667ರಲ್ಲಿ ಒಬ್ಬ ಸಭಾಪಾಲಕನ ಮಗನಾಗಿ ಹುಟ್ಟಿದ ಜಾನ್ ಆರ್ಬತ್ನಟನು 1691ರಲ್ಲಿ ಲಂಡನ್ ಪಟ್ಟಣಕ್ಕೆ ಬಂದು, ಗಣಿತಪಾಠ ಹೇಳಿ ಹೊಟ್ಟೆಹೊರೆದನು. ತರುವಾಯ ವೈದ್ಯಪದವಿಯನ್ನು ಪಡೆದು ಆನ್ ರಾಣಿಯ ವೈದ್ಯನಾದನು. ಜಾನ್ ಬುಲ್ ಎಂಬ ಹಾಸ್ಯಪಾತ್ರವನ್ನು ಸೃಷ್ಟಿಸಿದವನೂ ಆತನೇ. ಆದರೆ ಬಾಲಿಕಾ ಪಾಠಶಾಲೆಯವರಾದ ನಮಗೆ ಆತನ 1710ರ ಪುಟ್ಟ ಲೇಖನವೊಂದು ಇವೆಲ್ಲಕ್ಕಿಂತ ಮುಖ್ಯವಾದುದು.

1629 ಮೊದಲ್ಗೊಂಡು 1710ರ ವರೆಗೆ ಲಂಡನ್ನಿನಲ್ಲಿ ದೀಕ್ಷಾಸ್ನಾನ ಹೊಂದಿದ ಶಿಶುಗಳ ಲೆಕ್ಕವನ್ನು ಆತನು ಸಾಲಾಗಿ ಬರೆದನು. ಮೊದಲನೆಯ ವರ್ಷ ಗಂಡು 5218, ಹೆಣ್ಣು 4683. ಹೀಗೆಯೇ 82 ವರ್ಷಗಳಲ್ಲಿ ಒಂದೂ ತಪ್ಪದೆ ಗಂಡೇ ಹೆಚ್ಚು. ಆತನ ವಾದಸರಣಿಯು ಇಂತಿದೆ. ಶಿಶುವು ಗಂಡಾಗುವುದೂ ಹೆಣ್ಣಾಗುವುದೂ ನಾಣ್ಯ ಚಿಮ್ಮಿದಂತೆ ಆಕಸ್ಮಿಕವೆಂದೂ, ಗಂಡಿನ ಪಾಲು ಸರಿಯಾಗಿ ಅರ್ಧವೆಂದೂ ಮೊದಲು ಒಪ್ಪಿಕೊಳ್ಳೋಣ. ಪರೀಕ್ಷೆಗೆ ಒಡ್ಡುವ ಈ ಊಹೆಯನ್ನು ಈಗಿನವರು ಶೂನ್ಯ ಪ್ರಾಕ್ಕಲ್ಪನೆಯೆನ್ನುತ್ತಾರೆ. ಅದು ನಿಜವಾದರೆ, 82 ವರ್ಷವೂ ಗಂಡೇ ಮೇಲಾಗುವ ಸಂಭವವು 48ರ ಮುಂದೆ 23 ಸೊನ್ನೆಗಳನ್ನಿಟ್ಟ ಸಂಖ್ಯೆಯಲ್ಲಿ ಸುಮಾರು ಒಂದು ಪಾಲು ಮಾತ್ರ! ಆದಕಾರಣ ಶೂನ್ಯ ಪ್ರಾಕ್ಕಲ್ಪನೆಯು ಬಿದ್ದುಹೋಯಿತು.

ಬಿದ್ದಮೇಲೆ ಉಳಿಯುವುದು ಪರ್ಯಾಯ ಪ್ರಾಕ್ಕಲ್ಪನೆ: ಗಂಡಿನ ಪಾಲು ಅರ್ಧಕ್ಕಿಂತ ಹೆಚ್ಚು, ಅಷ್ಟೇ. ಆರ್ಬತ್ನಟನಾದರೋ ಅಲ್ಲಿ ನಿಲ್ಲದೆ, ಅಪಾಯದ ಕೆಲಸಗಳಲ್ಲಿ ಗಂಡಸರು ಹೆಚ್ಚಾಗಿ ಸಾಯುವುದರಿಂದ ದೇವರೇ ಹೀಗೆ ಸರಿದೂಗಿಸಿದ್ದಾನೆಂದು ತೀರ್ಮಾನಿಸಿದನು. ಆತನ ಭಕ್ತಿಯು ಸ್ತುತ್ಯವೇ. ತರ್ಕವು ಮಾತ್ರ ಕೊಂಚ ಜಾರಿತು. ಗಂಡಿನ ಪಾಲನ್ನು 35ಕ್ಕೆ 18 ಎಂದು ಹಿಡಿದರೆ ಆ ಲೆಕ್ಕಗಳ ಏರಿಳಿತವು ಆಕಸ್ಮಿಕಕ್ಕೆ ಒಪ್ಪುವುದೆಂದು ನಿಕೊಲಾಸ್ ಬೆರ್ನೂಲಿಯು ತೋರಿಸಿದನು.

ಇದು ದೂರದೇಶದ ಹಳೆಯ ಲೆಕ್ಕವೆನ್ನಬೇಡಿರಿ. ಹೆಣ್ಣುಶಿಶುವನ್ನು ಹುಟ್ಟಗೊಡದ ದುಷ್ಟತನಕ್ಕೆ ತಡೆಯಾಗಿ 1994ರಲ್ಲಿ ಭ್ರೂಣಲಿಂಗಪತ್ತೆಯನ್ನು ನಿಷೇಧಿಸುವ ಕಾನೂನೇ ಆಯಿತು. ಶಿವಮೊಗ್ಗೆಯದೋ ಭದ್ರಾವತಿಯದೋ ಒಂದು ಆಸ್ಪತ್ರೆಯ ಜನನಪುಸ್ತಕದಲ್ಲಿ 1000 ಶಿಶುಗಳೊಳಗೆ 530 ಗಂಡೆಂದು ಭಾವಿಸಿರಿ. ಅರ್ಧವನ್ನು ಶೂನ್ಯ ಪ್ರಾಕ್ಕಲ್ಪನೆಯಾಗಿಟ್ಟರೆ 30 ಹೆಚ್ಚಾಯಿತು. ಆಕಸ್ಮಿಕದ ಸಾಮಾನ್ಯ ಏರಿಳಿತವು ಸುಮಾರು 16 ಆಗಿರುವುದರಿಂದ ಶಂಕೆಯು ಹುಟ್ಟುವುದು. ಆದರೆ ಸಹಜವಾಗಿಯೇ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಆದ್ದರಿಂದ ನ್ಯಾಯವಾದ ಶೂನ್ಯ ಪ್ರಾಕ್ಕಲ್ಪನೆಯು 1000ಕ್ಕೆ 512. ಪರ್ಯಾಯವು ಅದಕ್ಕಿಂತ ಹೆಚ್ಚೆಂಬುದು. ಆಗ ಉಳಿಯುವ 18ರ ಅಂತರವು ಯಾರನ್ನೂ ದೂರಲು ಸಾಲದು. ಅಷ್ಟರಿಂದ ದೋಷವಿಲ್ಲವೆಂದೂ ಸಿದ್ಧವಾಗಲಿಲ್ಲ. ಇನ್ನೂ ಹಲವು ಸಾವಿರ ಹೆಸರುಗಳನ್ನು ಎಣಿಸಬೇಕಾಗುವುದು. ಎರಡು ಪ್ರಾಕ್ಕಲ್ಪನೆಗಳನ್ನೂ ಪುಸ್ತಕವನ್ನು ತೆರೆಯುವ ಮುನ್ನವೇ ಬರೆದಿಡತಕ್ಕದ್ದು.

ಆರ್ಬತ್ನಟನು 1735ರ ಫೆಬ್ರವರಿ 27ರಂದು ಲಂಡನ್ನಿನಲ್ಲಿ ತೀರಿಕೊಂಡನು.