ಬಲ್ಲ ಕಥೆಗೆ ಕುತೂಹಲ ತುಂಬಿದ ಕಂದಗಲ್ ಹನುಮಂತರಾಯರು

ಇಳಕಲ್ ಎಂದೊಡನೆ ನೆನಪಾಗುವುದು ಸೀರೆ. ಆದರೆ ಈ ಪಟ್ಟಣದ ಸಮೀಪದ ಕಂದಗಲ್ಲು ಗ್ರಾಮವು ಕನ್ನಡ ರಂಗಭೂಮಿಗೆ ಶ್ರೇಷ್ಠ ನಾಟಕಕಾರರೊಬ್ಬರನ್ನು ನೀಡಿದೆ. 1896ರಲ್ಲಿ ಇಲ್ಲಿ ಜನಿಸಿದ ಹನುಮಂತರಾಯರು ಕರ್ನಾಟಕದ ಶೇಕ್ಸ್‌ಪಿಯರ್ ಎಂದೇ ಪ್ರಖ್ಯಾತರು. ಆಗ ಈ ಪ್ರದೇಶವು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು.

ಅದು ವೃತ್ತಿ ನಾಟಕ ಕಂಪನಿಗಳ ಕಾಲ. 1934ರಲ್ಲಿ ‘ಸತಿ ಸುಲೋಚನ’ದ ಮೂಲಕ ಕನ್ನಡದ ವಾಕ್ಚಿತ್ರ ತೆರೆಗೆ ಬಂದಾಗ, ಅದೂ ಕಂಪನಿ ನಾಟಕಗಳಂತೆ ಪುರಾಣವನ್ನೇ ಆಶ್ರಯಿಸಿತು. ರಾಯರು ಹೆಚ್ಚಾಗಿ ನೆಚ್ಚಿಕೊಂಡದ್ದು ಮಹಾಭಾರತವನ್ನು. ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಚಿತ್ರಾಂಗದಾ’, ‘ಅಕ್ಷಯಾಂಬರ’, ‘ಬಾಣಸಿಗ ಭೀಮ’ ಅವರ ಪ್ರಸಿದ್ಧ ಕೃತಿಗಳು.

ಇಲ್ಲಿಯೇ ನಾಟಕಕಾರನಿಗೆ ಕಠಿಣ ಸವಾಲೊಂದಿದೆ. ಕೀಚಕ ಸಾಯುವನೆಂಬುದು ಊರಿನ ಮಗುವಿಗೂ ಗೊತ್ತು. ಹಾಗಿದ್ದೂ ಜನರು ಬೆಳಗಿನವರೆಗೆ ಕುಳಿತು ನೋಡುವುದೇಕೆ? ನಾಯಕನಿಗೆ ಬೇಕಾದುದೇನು, ಅದಕ್ಕೆ ಅಡ್ಡ ನಿಂತಿರುವುದೇನು ಎಂಬುದರಲ್ಲಿ ಉತ್ತರವಿದೆ.

ವಿರಾಟನ ಅಡುಗೆಮನೆಯ ಭೀಮನನ್ನೇ ನೋಡೋಣ. ದ್ರೌಪದಿಯ ಮಾನ ಕಾಯುವುದು ಅವನ ಗುರಿ. ತೋಳಿನಲ್ಲಿ ಬಲವೂ ಇದೆ. ಆದರೆ ಅಜ್ಞಾತವಾಸದಲ್ಲಿ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಕೀಚಕನಿಗಿಂತ ದೊಡ್ಡ ಎದುರಾಳಿ ಅಣ್ಣನ ಮಾತು. ಹೊರಗಿನ ಹಗೆಗಿಂತ ಒಳಗಿನ ತೊಳಲಾಟವೇ ಕಥೆಯನ್ನು ಮುನ್ನಡೆಸುತ್ತದೆ.

‘ರಕ್ತರಾತ್ರಿ’ಯ ವಸ್ತು ಇನ್ನೂ ಕರಾಳ. ತಂದೆಯ ಸಾವಿಗೆ ಸೇಡು, ಒಡೆಯನ ಋಣ ಎರಡನ್ನೂ ಹೊತ್ತ ಅಶ್ವತ್ಥಾಮ ಪಾಂಡವರ ರಕ್ತ ಬಯಸಿ ಶಿಬಿರಕ್ಕೆ ನುಗ್ಗುತ್ತಾನೆ. ಬಲಿಯಾಗುವವರು ದ್ರೌಪದಿಯ ಐವರು ಮಕ್ಕಳು. ಸೇಡು ತೀರುವುದಿಲ್ಲ, ಪಾಪ ಮಾತ್ರ ಉಳಿಯುತ್ತದೆ. ಗುರಿ ತಪ್ಪಿದವನ ದುರಂತವನ್ನು ಕಂಡಾಗ ಪ್ರೇಕ್ಷಕನಿಗೆ ಅವನ ಮೇಲೆ ಕ್ರೋಧವೂ ಮರುಕವೂ ಒಟ್ಟಿಗೇ ಹುಟ್ಟುತ್ತವೆ.

ಚಿತ್ರಾಂಗದೆಯ ಕಥೆಯದು ಬೇರೊಂದು ಬಗೆ. ಕ್ಷತ್ರಿಯ ಧರ್ಮ ಉಳಿಯಬೇಕಾದರೆ ಮಗ ತಂದೆಯೊಡನೆಯೇ ಕಾದಬೇಕು. ಯಾರು ಗೆದ್ದರೂ ಸೋಲುವವಳು ಆ ತಾಯಿ. ಇದೇ ಕಥೆಯನ್ನು ಹುಣಸೂರು ಕೃಷ್ಣಮೂರ್ತಿಯವರು 1977ರಲ್ಲಿ ‘ಬಭ್ರುವಾಹನ’ವಾಗಿ ತೆರೆಗೆ ತಂದರು. ಅರ್ಜುನ, ಬಭ್ರುವಾಹನ ಎರಡೂ ಪಾತ್ರಗಳನ್ನು ಡಾ. ರಾಜಕುಮಾರ್ ನಿರ್ವಹಿಸಿದರು. ಮಾಧ್ಯಮ ಬದಲಾದರೂ ಸಂಘರ್ಷದ ಬೇರು ಬದಲಾಗಲಿಲ್ಲ. ಚಿತ್ರಕಥೆ ಬರೆಯಲು ಹೊರಟ ಇಂದಿನ ತರುಣರು ರಾಯರ ನಾಟಕಗಳನ್ನು ಓದಬೇಕಾದುದು ಈ ಕಾರಣಕ್ಕೆ.

1966ರಲ್ಲಿ ಹನುಮಂತರಾಯರು ನಿಧನರಾದರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿಡಲಾಗಿದೆ. ವೃತ್ತಿ ಕಂಪನಿಗಳ ವೈಭವದ ದಿನಗಳು ಮುಗಿದಿವೆ. ಆದರೂ ಜಾತ್ರೆ, ಉತ್ಸವ ಬಂತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರೈತರೂ ನೇಕಾರರೂ ಬಣ್ಣ ಹಚ್ಚಿ ‘ರಕ್ತರಾತ್ರಿ’ ಆಡುತ್ತಾರೆ. ಕಂದಗಲ್ಲಿನ ಕವಿಗೆ ಇದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.