ಸೂರ್ಯನ ಮಿಡಿತ ಹಿಡಿದ ರಾಬರ್ಟ್ ಲೇಟನ್

ಸೂರ್ಯ ಓಂಕಾರ ನುಡಿಯುತ್ತಾನೆ, ನಾಸಾ ಅದನ್ನು ರೆಕಾರ್ಡ್ ಮಾಡಿದೆ ಎನ್ನುವ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಸೂರ್ಯನೊಳಗೆ ಶಬ್ದದ ಅಲೆಗಳಿರುವುದು ನಿಜ. ಆದರೆ ಅವುಗಳ ಸುಳಿವು ಮೊದಲು ಸಿಕ್ಕಿದ್ದು ಮೈಕಿನಲ್ಲಲ್ಲ, ಫೋಟೊಗಳಲ್ಲಿ. ತೆಗೆದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಲೇಟನ್ ಮತ್ತು ಅವರ ವಿದ್ಯಾರ್ಥಿಗಳು.

ಲೇಟನ್ ಹುಟ್ಟಿದ್ದು 1919ರಲ್ಲಿ, ಡೆಟ್ರಾಯಿಟ್‌ನಲ್ಲಿ. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಲಾಸ್ ಏಂಜಲೀಸ್‌ನ ಹೋಟೆಲೊಂದರಲ್ಲಿ ಕೆಲಸದಾಕೆಯಾಗಿ ದುಡಿದರು. ಮಗ ಕ್ಯಾಲ್‌ಟೆಕ್ ಸೇರಿ, 1947ರಲ್ಲಿ ಪಿಎಚ್‌ಡಿ ಮುಗಿಸಿ, ಮುಂದೆ ಅಲ್ಲೇ ಮೇಷ್ಟರಾದರು. ಫೈನ್‌ಮನ್ ಅವರ ಪ್ರಸಿದ್ಧ ಭೌತಶಾಸ್ತ್ರ ಉಪನ್ಯಾಸಗಳನ್ನು ಪುಸ್ತಕಕ್ಕೆ ಇಳಿಸಿದವರಲ್ಲಿ ಇವರೂ ಒಬ್ಬರು.

1960ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ಹಳೆಯ ಸೌರಗೋಪುರದಲ್ಲಿ ಅವರು ಸೂರ್ಯನ ಮೇಲ್ಮೈ ಅನಿಲದ ವೇಗ ಅಳೆಯಲು ಹೊರಟರು. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ, ದಾಟಿಹೋದ ಮೇಲೆ ದಪ್ಪಗೆ ಕೇಳುತ್ತದಲ್ಲ, ಬೆಳಕಿನಲ್ಲೂ ಹಾಗೆಯೇ: ನಮ್ಮತ್ತ ಏರುವ ಅನಿಲದ ಬೆಳಕು ತುಸು ನೀಲಿಯತ್ತ, ಇಳಿಯುವುದರದ್ದು ತುಸು ಕೆಂಪಿನತ್ತ ಸರಿಯುತ್ತದೆ. ಕುದಿಯುವ ಗಂಜಿಯ ಗುಳ್ಳೆಗಳಂತೆ ಈ ಚಲನೆ ಎದ್ದು ಅಡಗಿಬಿಡಬೇಕಿತ್ತು. ಆದರೆ ಚಿತ್ರಗಳನ್ನು ಹೋಲಿಸಿದಾಗ ಏರಿದ್ದು ಇಳಿದು, ಸುಮಾರು ಐದು ನಿಮಿಷಕ್ಕೆ ಮತ್ತೆ ಏರುತ್ತಿತ್ತು! ಸೂರ್ಯನ ಮೈ ಮಿಡಿಯುತ್ತಿತ್ತು.

ಏಕೆ ಎಂಬುದಕ್ಕೆ ಹತ್ತು ವರ್ಷ ಕಾಯಬೇಕಾಯಿತು. ಒಳಗೆ ಸಿಕ್ಕಿಬಿದ್ದ ಶಬ್ದದ ಅಲೆಗಳೇ ಕಾರಣ ಎಂದು 1970ರಲ್ಲಿ ರೋಜರ್ ಉಲ್ರಿಚ್ ವಿವರಿಸಿದರು. ಭೂಕಂಪದ ಅಲೆಗಳಿಂದ ಭೂಮಿಯ ಒಡಲನ್ನು ಅರಿಯುವಂತೆ ಈ ಮಿಡಿತದಿಂದ ಸೂರ್ಯನ ಒಡಲನ್ನೂ ಅರಿಯಬಹುದು ಎಂದಾಯಿತು. ಹೊರಗಿನ ಶೇ 30ರಷ್ಟು ಆಳದವರೆಗೆ ಸಮಭಾಜಕದ ಭಾಗ ಬೇಗ, ಧ್ರುವಗಳ ಭಾಗ ನಿಧಾನ ತಿರುಗುತ್ತದೆ; ಅದರ ಕೆಳಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಗಟ್ಟಿ ಚೆಂಡಿನಂತೆ. ಈ ಎರಡೂ ಉಜ್ಜಿಕೊಳ್ಳುವ ತೆಳು ಪದರವೇ ಸೌರಕಲೆಗಳ ಕಾಂತಕ್ಷೇತ್ರದ ತವರು ಎಂದು ಹಲವು ವಿಜ್ಞಾನಿಗಳ ಅಂದಾಜು. ವಾದ ಇನ್ನೂ ಮುಗಿದಿಲ್ಲ.

ಲೇಟನ್ ಸೂರ್ಯನಿಗೇ ಅಂಟಿಕೊಳ್ಳಲಿಲ್ಲ. 1965ರಲ್ಲಿ ಮಂಗಳನ ಮೊದಲ ಸಮೀಪಚಿತ್ರ ಕಳಿಸಿದ ಮ್ಯಾರಿನರ್ 4ರ ಚಿತ್ರತಂಡಕ್ಕೂ ಅವರೇ ಮುಖ್ಯಸ್ಥರು. 1997ರಲ್ಲಿ ತೀರಿಕೊಂಡರು.

ಇನ್ನು ಆ ವಿಡಿಯೊ. ನಿರ್ವಾತದಲ್ಲಿ ಶಬ್ದ ಸಾಗದು, ಹಾಗಾಗಿ ಸೂರ್ಯನ ಸದ್ದು ಇಲ್ಲಿಗೆ ತಲುಪುವುದೇ ಇಲ್ಲ. ಐದು ನಿಮಿಷಕ್ಕೊಂದು ಕಂಪನ ನಮ್ಮ ಕಿವಿಗೆ ಕೇಳುವಂಥದ್ದೂ ಅಲ್ಲ. ಸೋಹೊ ನೌಕೆಯ 40 ದಿನಗಳ ಮಾಪನವನ್ನು ವಿಜ್ಞಾನಿಗಳು 42 ಸಾವಿರ ಪಟ್ಟು ವೇಗಗೊಳಿಸಿ ಧ್ವನಿಯಾಗಿಸಿದ್ದಾರೆ. ಅದು ಬರೀ ಗುಂಯ್‌ಗುಡುವ ಸದ್ದು. ಫಾರ್ವರ್ಡ್ ಆಗುತ್ತಿರುವ ವಿಡಿಯೊದಲ್ಲಿ ಕೇಳುವುದು ಮನುಷ್ಯರೇ ಪಠಿಸಿದ ಓಂಕಾರ.